ಕ್ಲೋಸ್‌ಪೇಟೆಯ ಬರ್ಮಾ ರಾಣಿ

ಕ್ಲೋಸ್‌ಪೇಟೆ
೪ ಸೆಪ್ಟೆಂಬರ್ ೧೯೧೧

ತೀರ್ಥರೂಪು ಅಪ್ಪನವರಿಗೆ ಗಿರಿಜಾಂಬ ಮಾಡುವ ಶರಣಾರ್ಥಿಗಳು.

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿದ ಕೂಡಲೇ ಯಾರದೆಂದು ತಿಳಿದಿರುತ್ತದೆ, ತಿದ್ದಿಸಿದವರು ನೀವೇ. ಮೈಸೂರಿನಿಂದ ನನಗೆ ಇಲ್ಲಿಯ ದವಾಖಾನೆಗೆ ವರ್ಗವಾಗಿದೆ. ದೊಡ್ಡಆಲಹಳ್ಳಿಗೆ ಇಲ್ಲಿಂದ ಗಾಡಿಯಲ್ಲಿ ಒಂದೂವರೆ ದಿನದ ದಾರಿ. ಇಷ್ಟು ಹತ್ತಿರ ಬಂದು ತಿಳಿಸದೇ ಇರುವುದು ಸರಿಯಲ್ಲವೆಂದು ತಿಳಿಸುತ್ತಿದ್ದೇನೆ. ಮತ್ತೇನನ್ನೂ ಕೇಳುವುದಕ್ಕಲ್ಲ.

ಹೆರಿಗೆ ಕೆಲಸದ ಜೊತೆಗೆ ಇಲ್ಲಿ ಇನ್ನೊಂದು ಕೆಲಸವನ್ನೂ ಹಚ್ಚಿದ್ದಾರೆ. ಊರ ಹೊರಗೆ ಅರ್ಕಾವತಿಯ ದಡದಲ್ಲಿ ಒಂದು ಹೆಂಚಿನ ಬಂಗಲೆ ಇದೆ. ಅದರಲ್ಲಿ ಬರ್ಮಾ ದೇಶದ ಒಬ್ಬ ರಾಣಿಯನ್ನು ಇಟ್ಟಿದ್ದಾರೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಇಂಗ್ಲಿಷರು ಅವರನ್ನು ಹಿಡಿದು ಹಡಗು ಹತ್ತಿಸಿದರಂತೆ. ಇಪ್ಪತ್ತು ವರ್ಷ ವೇಲೂರಿನಲ್ಲಿದ್ದರು. ಎದೆ ಕೆಟ್ಟಿದ್ದರಿಂದ ಒಣ ಹವೆ ಬೇಕೆಂದು ನಾಲ್ಕು ವರ್ಷದಿಂದ ಇಲ್ಲಿದ್ದಾರೆ. ಅವರ ಶುಶ್ರೂಶೆಗೆ ನಾನು ಬಂಗಲೆಯ ಹಿಂದಿನ ಕೋಣೆಯಲ್ಲೇ ಇರಬೇಕೆಂದು ಹುಕುಂ.

ಹೆಸರು ಸೋ ಮ್ಯಾ. ವಯಸ್ಸು ನಲವತ್ತೈದು. ಸರ್ಕಾರದ ಕಾಗದಗಳಲ್ಲಿ ರಾಣಿ ಎಂಬ ಮಾತಿಲ್ಲ, ‘ಬಂಡಾಯಗಾರನೊಬ್ಬನ ವಿಧವೆ’ ಎಂದಿದೆ. ಅಡುಗೆಯ ಬೋರಮ್ಮ ‘ಬರ್ಮದವ್ವ’ ಎನ್ನುತ್ತಾಳೆ. ಅವರು ಕನ್ನಡ ಕಲಿತದ್ದು ಬೋರಮ್ಮನಿಂದಲೇ. ನಾನು ಮೊದಲ ದಿನ ಕೈಮುಗಿದು ನಿಂತಾಗ ಮೇಲಿಂದ ಕೆಳಗೆ ನೋಡಿ, “ನಿಂತ್ಕೊಂಡೇ ಇದ್ರೆ ಕಾಲ್ ನೋಯಾಕಿಲ್ವಾ? ಒಸಿ ಕೂತ್ಕೊ” ಎಂದರು. ರಾಣಿಯ ಬಾಯಲ್ಲಿ ನಮ್ಮ ಕಡೆಯ ಮಾತು.

ಉತ್ತರ ಬರೆಯಲೇಬೇಕೆಂದಿಲ್ಲ.

ಇಂತಿ,
ಗಿರಿಜಾಂಬ


ಕ್ಲೋಸ್‌ಪೇಟೆ
೧೯ ಅಕ್ಟೋಬರ್ ೧೯೧೧

ತೀರ್ಥರೂಪು ಅಪ್ಪನವರಿಗೆ ಶರಣಾರ್ಥಿಗಳು.

ನೀವು ಚರಿತ್ರೆಯ ಪಾಠ ಮಾಡುತ್ತಿದ್ದವರು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ರಾಣಿಯವರು ಅರಮನೆಯಲ್ಲೇ ಹುಟ್ಟಿದವರು. ಅವರ ತಂದೆ ಅರಸನ ತಮ್ಮ. ಅವರಿಗೆ ಹನ್ನೆರಡು ವರ್ಷವಾಗಿದ್ದಾಗ ಮುದಿ ಅರಸ ತೀರಿಕೊಂಡ. ಪಟ್ಟಕ್ಕೆ ಬಂದವರು ಉಳಿದ ರಾಜಕುಮಾರರನ್ನೆಲ್ಲ ಸೆರೆಗೆ ಹಾಕಿದರು. ಮರುವರ್ಷ ಅರಮನೆಯ ಅಂಗಳದಲ್ಲಿ ಮೂರು ದಿನ ಬಿಡದೆ ನಾಟಕ ಆಡಿಸಿದರಂತೆ. ಹೆಂಗಸರು ಮಕ್ಕಳೆಲ್ಲ ಬಂದು ನೋಡಬೇಕೆಂದು ಅಪ್ಪಣೆ. ನಗಾರಿ, ಕೊಂಬು, ಒಂದೇ ಸಮನೆ ಗದ್ದಲ.

“ಕೋಡಂಗಿ ಬೋ ಸಂದಾಗಿ ಆಡ್ದ. ನಾನು ಚಪ್ಪಾಳೆ ಹೊಡ್ದೆ” ಎಂದರು.

ನಾಲ್ಕನೆಯ ದಿನ ತಿಳಿಯಿತು. ಆ ಗದ್ದಲ ಎದ್ದದ್ದು ಇನ್ನೊಂದು ಕಡೆಯ ಗದ್ದಲ ಕೇಳದಿರಲೆಂದು. ಅವರ ತಂದೆಯನ್ನೂ ಇಬ್ಬರು ಅಣ್ಣಂದಿರನ್ನೂ ಆ ಮೂರು ದಿನದಲ್ಲೇ ಮುಗಿಸಿದ್ದರು.

ಇದನ್ನು ಅವರು ಹೇಳಿದ್ದು ಅವರೆಕಾಯಿ ಬಿಡಿಸುತ್ತಾ. ಬೋರಮ್ಮ ಕಣ್ಣೊರೆಸಿಕೊಂಡು, “ಅಯ್ಯೋ ನಮ್ಮವ್ವ, ಆಮ್ಯಾಕೆ ಹೆಂಗ್ ಬದುಕ್ದೆ?” ಎಂದಳು. ರಾಣಿಯವರು ಸ್ವಲ್ಪ ಯೋಚಿಸಿ, “ಹೊತ್ತೊತ್ಗೆ ಊಟ ಇಕ್ತಿದ್ರು” ಎಂದು ಹೇಳಿ ಇನ್ನೊಂದು ಹಿಡಿ ಕಾಯಿ ಎಳೆದುಕೊಂಡರು.

ಇಂತಿ,
ಗಿರಿಜಾಂಬ


ದೊಡ್ಡಆಲಹಳ್ಳಿ
೨೬ ನವೆಂಬರ್ ೧೯೧೧

ಗಿರಿಜಾಂಬಳಿಗೆ,

ಎರಡು ಕಾಗದ ಬಂದಿವೆ. ‘ಶುಶ್ರೂಷೆ’ಯ ಕೊನೆಯ ಅಕ್ಷರ ಷ. ನೀನು ಶ ಬರೆದಿದ್ದೀಯೆ. ಮೈಸೂರಿನಲ್ಲಿ ಇಂಗ್ಲಿಷಿನಲ್ಲಿ ಕಲಿತರೆ ಹೀಗಾಗುತ್ತದೆ.

ನಿನ್ನ ತಾಯಿ ತೀರಿಕೊಂಡ ವಿಷಯ ನಿನಗೆ ತಿಳಿದಿದೆ ಎಂದು ಭಾವಿಸುತ್ತೇನೆ. ಶಾಲೆಯ ಕೆಲಸ ಬಿಟ್ಟು ಎರಡು ವರ್ಷವಾಯಿತು.

ನೀನು ಬರೆದ ವೃತ್ತಾಂತದಲ್ಲಿ ಒಂದು ತೊಡಕಿದೆ. ಹದಿಮೂರನೆಯ ವಯಸ್ಸಿನಲ್ಲಿ ಅನಾಥಳಾದ ಹುಡುಗಿ ರಾಣಿಯಾದದ್ದು ಹೇಗೆ? ಬರ್ಮಾದ ಅರಸನನ್ನು ಇಂಗ್ಲಿಷರು ಹಿಡಿದೊಯ್ದದ್ದು ೧೮೮೫ರಲ್ಲಿ. ಅಲ್ಲಿಗೆ ಆ ರಾಜ್ಯ ಮುಗಿಯಿತು. ಹಾಗಿದ್ದರೆ ಈಕೆ ಯಾವ ಅರಸನ ಹೆಂಡತಿ? ಎಷ್ಟು ಕಾಲ ರಾಣಿಯಾಗಿದ್ದರು? ವಿಷಯ ಸ್ಪಷ್ಟವಾಗಬೇಕೆಂದು ಕೇಳಿದ್ದೇನೆ, ಬೇರೆ ಕಾರಣವಿಲ್ಲ.

ಗವಿಸಿದ್ದಯ್ಯ


ಕ್ಲೋಸ್‌ಪೇಟೆ
೨೧ ಡಿಸೆಂಬರ್ ೧೯೧೧

ತೀರ್ಥರೂಪು ಅಪ್ಪನವರಿಗೆ ಶರಣಾರ್ಥಿಗಳು.

ಅವ್ವನ ವಿಷಯ ತಿಂಗಳ ಮೇಲೆ ತಿಳಿಯಿತು, ಕಾನಕಾನಹಳ್ಳಿಯಿಂದ ಹೆರಿಗೆಗೆ ಬಂದಿದ್ದ ಒಬ್ಬಾಕೆಯಿಂದ.

ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿತು. ದೆಹಲಿಯಲ್ಲಿ ಚಕ್ರವರ್ತಿಗಳ ದರ್ಬಾರು ನಡೆದ ದಿನ ಇಲ್ಲಿ ಸ್ಟೇಷನ್ನಿಗೆ ತೋರಣ ಕಟ್ಟಿ, ಶಾಲೆಯ ಮಕ್ಕಳಿಗೆ ಬೂಂದಿ ಹಂಚಿ, ವಾಲಗ ಊದಿಸಿದರು. ರಾಣಿಯವರು ಏನದು ಸದ್ದು ಎಂದರು. ಬೋರಮ್ಮ, “ದೊರೆಗೋಳ್ಗೆ ಪಟ್ಟ ಕಟ್ತಾವ್ರಂತೆ ಕಣವ್ವ” ಎಂದಳು.

“ನಂಗೂ ಕಟ್ಟಿದ್ರು. ಮಳೆ ಉಯ್ತಿತ್ತು” ಎಂದರು ರಾಣಿಯವರು.

ಅರಸನನ್ನು ಇಂಗ್ಲಿಷರು ಹಡಗಿಗೆ ಒಯ್ದ ಮೇಲೆ ಅರಮನೆಯ ಹೆಂಗಸರು ದಿಕ್ಕಾಪಾಲಾದರು. ಇವರು ಒಬ್ಬ ದಾದಿಯ ಜೊತೆ ಕಾಡಂಚಿನ ಹಳ್ಳಿ ಸೇರಿದರು. ಆ ಸೀಮೆಯಲ್ಲಿ ಇವರ ದೊಡ್ಡಪ್ಪನ ಮೊಮ್ಮಗನೊಬ್ಬ ಇದ್ದ. ಕೊಲೆಯ ವರ್ಷ ತಲೆ ಬೋಳಿಸಿಕೊಂಡು ಮಠ ಸೇರಿದ್ದರಿಂದ ಉಳಿದವನು. ಹಳ್ಳಿಗರು ಅವನನ್ನು ಮಠದಿಂದ ಎಬ್ಬಿಸಿ ತಂದು, ನೀನೇ ನಮ್ಮ ಅರಸ ಎಂದರು. ಪಟ್ಟದ ರಾಣಿ ಅರಸು ರಕ್ತದವಳೇ ಆಗಬೇಕೆಂಬುದು ಅವರ ಪದ್ಧತಿ. ಹತ್ತಿರದಲ್ಲಿ ಆ ರಕ್ತದವಳು ಇವರೊಬ್ಬರೇ.

ಬಿದಿರಿನ ಅರಮನೆ, ಬಿದಿರಿನ ಕೋಟೆ. ಬಿಳಿಯ ಛತ್ರಿ ಬೇಕಲ್ಲ, ರೇಷ್ಮೆ ಸಿಗದೆ ಯಾರದೋ ಪಂಚೆಯನ್ನು ಬಿದಿರ ಕಡ್ಡಿಗೆ ಹೊಲಿದರಂತೆ. ಮಳೆಗೆ ಅದು ಸೋರಿ ಇಬ್ಬರೂ ತೊಯ್ದರು. ರಾಣಿಯಾಗಿದ್ದದ್ದು ಏಳು ತಿಂಗಳು. ಆಮೇಲೆ ಇಂಗ್ಲಿಷರ ಸಿಪಾಯಿಗಳು ಕೋಟೆಗೆ ಬೆಂಕಿ ಇಟ್ಟರು. ಅರಸ ಕಾಡು ಜ್ವರದಲ್ಲಿ ಸತ್ತ. ಇವರು ಮತ್ತೆ ಐದು ತಿಂಗಳು ಹಳ್ಳಿಯಿಂದ ಹಳ್ಳಿಗೆ ಅಡಗಿಕೊಂಡು ತಿರುಗಿ ಸಿಕ್ಕಿಬಿದ್ದರು.

“ಒಳ್ಳೆಯವರಾಗಿದ್ದರೇ?” ಎಂದು ನಾನು ಅರಸನ ವಿಷಯ ಕೇಳಿದೆ.

“ಗೊರ್ಕೆ ಹೊಡೀತಿರ್ಲಿಲ್ಲ” ಎಂದರು.

ಪ್ರತಿ ವರ್ಷವೂ ಸರ್ಕಾರಕ್ಕೆ ಒಂದು ಅರ್ಜಿ ಬರೆಸುತ್ತಾರೆ: ನನ್ನನ್ನು ನನ್ನ ದೇಶಕ್ಕೆ ಕಳಿಸಿ ಎಂದು. ಈ ಸಲ ಬರೆದವಳು ನಾನು. ಇಪ್ಪತ್ತನಾಲ್ಕನೆಯದು.

ಇಂತಿ,
ಗಿರಿಜಾಂಬ


ಕ್ಲೋಸ್‌ಪೇಟೆ
೧೭ ಫೆಬ್ರುವರಿ ೧೯೧೨

ತೀರ್ಥರೂಪು ಅಪ್ಪನವರಿಗೆ ಶರಣಾರ್ಥಿಗಳು.

ಇದನ್ನು ಅಂಚೆಗೆ ಹಾಕಿಲ್ಲ. ಬೋರಮ್ಮನ ಅಣ್ಣನ ಗಾಡಿ ನಿಮ್ಮ ಕಡೆ ಹೊರಟಿದೆ, ಅವನು ನಿಮ್ಮ ಕೈಗೇ ಕೊಡುತ್ತಾನೆ. ಓದಿ ಒಲೆಗೆ ಹಾಕಿ.

ಬರ್ಮಾದಲ್ಲಿ ಒಬ್ಬ ಯುವಕ ಸನ್ಯಾಸಿ ಇದ್ದಾನೆ. ಹೆಸರು ನಂದಿಯ. ಅವನೇ ಆ ಕಾಡಿನ ಅರಸನ ಮಗ, ರಾಣಿ ಸಿಕ್ಕಿಬೀಳುವ ಮೊದಲು ಇಪ್ಪತ್ತು ದಿನದ ಕೂಸನ್ನು ಮಠದ ಬಾಗಿಲಲ್ಲಿ ಇಟ್ಟುಹೋದಳು ಎಂದು ಅಲ್ಲಿ ಸುದ್ದಿ ಹಬ್ಬಿದೆಯಂತೆ. ಜನ ಗುಂಪುಗೂಡಿ ಅವನ ತಲೆಯ ಮೇಲೆ ಬಿಳಿ ಛತ್ರಿ ಹಿಡಿದರು. ಸರ್ಕಾರ ಅವನನ್ನು ಹಿಡಿಯಿತು. ಅವನು ನಿಜಕ್ಕೂ ಆ ಮಗನಾದರೆ ಅಂಡಮಾನಿಗೆ, ಅಲ್ಲವಾದರೆ ಬಿಟ್ಟುಬಿಡುವುದು. ಇದನ್ನು ತೀರ್ಮಾನಿಸಲು ಒಬ್ಬ ಇಂಗ್ಲಿಷ್ ದೊರೆ ಅವನನ್ನು ಇಲ್ಲಿಗೇ ಕರೆತಂದಿದ್ದ. ರಂಗೂನಿನ ದುಭಾಷಿ ಮದ್ರಾಸಿನಲ್ಲಿ ಜ್ವರ ಬಂದು ಮಲಗಿದ್ದರಿಂದ ಚನ್ನಪಟ್ಟಣದ ಸನಾವುಲ್ಲಾ ಸಾಹೇಬರನ್ನು ಕರೆಸಿದ್ದರು. ಅವರು ಹದಿನಾಲ್ಕು ವರ್ಷ ರಂಗೂನಿನಲ್ಲಿ ರೇಷ್ಮೆ ವ್ಯಾಪಾರ ಮಾಡಿ ಬಂದವರು.

ದೊರೆ ರಾಣಿಯವರಿಗೆ ಮೊದಲೇ ಏನೂ ತಿಳಿಸಿರಲಿಲ್ಲ. ಮಗನನ್ನು ಕಂಡಾಗ ತಾಯಿಯ ಮುಖ ಏನಾಗುತ್ತದೋ ಅದನ್ನು ನೋಡುವುದೇ ಅವನ ಉಪಾಯ ಎಂದು ತೋರುತ್ತದೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಇಬ್ಬರು ಪೊಲೀಸರ ನಡುವೆ ಕಾವಿಯ ಹುಡುಗ ಒಳಗೆ ಬಂದ. ಕಣ್ಣು ನೆಲದ ಮೇಲೆ.

ರಾಣಿಯವರು ಎದ್ದರು. ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿ ಮೂರು ಸಲ ನಮಸ್ಕಾರ ಮಾಡಿದರು. ದೊರೆ ಸರಕ್ಕನೆ ತಿರುಗಿ ಸನಾವುಲ್ಲಾ ಸಾಹೇಬರನ್ನು ನೋಡಿದ. ಅವರು, “ಅದು ಅವರ ರಿವಾಜು ಸಾಹೇಬ್. ಕಾವಿ ಕಂಡ್ರೆ ರಾಣಿನೂ ಅಡ್ಡ ಬೀಳ್ತಾಳೆ, ಕೂಲಿಯವಳೂ ಅಡ್ಡ ಬೀಳ್ತಾಳೆ. ಅದ್ರಾಗೇನೂ ಇಲ್ಲ” ಎಂದರು. ಸನ್ಯಾಸಿಯನ್ನು ಹೆಂಗಸರು ಮುಟ್ಟುವಂತಿಲ್ಲ. ಅವನು ಯಾರಿಗೂ, ಹೆತ್ತವಳಿಗೂ, ತಲೆ ಬಾಗಿಸುವಂತಿಲ್ಲ. ಇದನ್ನೂ ಅವರೇ ಹೇಳಿದರು.

ರಾಣಿಯವರು ಎದ್ದು ಬೋರಮ್ಮನಿಗೆ, “ಇವ್ರು ಮಧ್ಯಾನದ ಮ್ಯಾಲೆ ಉಣ್ಣಾಕಿಲ್ಲ. ಈಗ್ಲೇ ಇಕ್ಬೇಕು. ಏನೈತೆ?” ಎಂದರು. ಅನ್ನ ಮತ್ತು ಅವರೆಕಾಳಿನ ಸಾರು ಇತ್ತು. ದೊರೆ ಬೇಡವೆನ್ನಲಿಲ್ಲ. ಅವರು ಮತ್ತೆ ಮೊಣಕಾಲೂರಿ ಅವನ ಬಟ್ಟಲಿಗೆ ಬಡಿಸಿದರು. ಮೂರು ಸಲ. ದೊರೆ ಅವರ ಕೈಯನ್ನೇ ನೋಡುತ್ತಿದ್ದ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಹುಡುಗ ಕೊನೆಯ ಅಗುಳಿನವರೆಗೂ ಉಂಡ, ತಲೆ ಎತ್ತಲಿಲ್ಲ. ಅವರು ಎರಡು ಮಾರು ದೂರದಲ್ಲಿ ಕೈಮುಗಿದು ಕೂತೇ ಇದ್ದರು. ಅಷ್ಟು ಹೊತ್ತು ಒಬ್ಬರನ್ನು ಅವರು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ದೊರೆ, ಇವನು ನಿನ್ನ ಮಗನೇ ಎಂದು ಕೇಳಿದ. ಸನಾವುಲ್ಲಾ ಸಾಹೇಬರು ಬರ್ಮಾ ಮಾತಿನಲ್ಲಿ ಕೇಳಿದರು. ರಾಣಿಯವರು ಉತ್ತರವನ್ನು ಕನ್ನಡದಲ್ಲೇ ಕೊಟ್ಟರು, ಎಲ್ಲರಿಗೂ ತಿಳಿಯಲಿ ಎಂಬಂತೆ: “ನಾನು ಯಾರ್ನೂ ಹೆತ್ತಿಲ್ಲ. ಈ ಸ್ವಾಮಿ ಯಾರೋ ನಂಗೊತ್ತಿಲ್ಲ.”

ದೊರೆಗೆ ನಂಬಿಕೆ ಬರಲಿಲ್ಲ. ಹುಡುಗನನ್ನು ಬೆಂಗಳೂರಿನಲ್ಲಿ ಕಾವಲಿನಲ್ಲಿಟ್ಟಿದ್ದಾನೆ. ಹೋಗುವಾಗ ನನ್ನನ್ನು ಕರೆದು, “ಈಕೆಯನ್ನು ನೀನು ನೋಡಿಕೊಳ್ಳುತ್ತೀ. ಮಿಡ್‌ವೈಫ್ ಓದಿದವಳು. ಹೆತ್ತ ದೇಹವೋ ಹೆರದ ದೇಹವೋ ನಿನಗೆ ತಿಳಿದಿರಲೇಬೇಕು. ಪ್ರಮಾಣ ಮಾಡಿ ಬರೆದುಕೊಡು. ಎಂಟು ದಿನದ ಮೇಲೆ ಬರುತ್ತೇನೆ” ಎಂದ.

ನವೆಂಬರಿನಲ್ಲಿ ಅವರಿಗೆ ಜ್ವರ ಬಂದಾಗ ದಿನವೂ ಮೈ ಒರೆಸಿದವಳು ನಾನು. ಹೊಟ್ಟೆಯ ಮೇಲಿನ ಗೆರೆಗಳನ್ನು ಯಾರೂ ನನಗೆ ಓದಿ ಹೇಳಬೇಕಾಗಿಲ್ಲ. ಹುಡುಗನ ಕಿವಿಗಳನ್ನೂ ನೋಡಿದೆ. ಅದೇ ಕಿವಿಗಳನ್ನು ದಿನಾ ಬೆಳಗ್ಗೆ ತಲೆ ಬಾಚುವಾಗ ನೋಡುತ್ತೇನೆ.

ನೀವು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಏನು ಬರೆಯಲಿ, ಹೇಳಿ. ಗಾಡಿ ಹಿಂತಿರುಗುವಾಗ ಉತ್ತರ ಕೊಟ್ಟುಕಳಿಸಿ.

ಇಂತಿ,
ಗಿರಿಜಾಂಬ


ದೊಡ್ಡಆಲಹಳ್ಳಿ
೨೧ ಫೆಬ್ರುವರಿ ೧೯೧೨

ಚಿ. ಗಿರಿಜೆಗೆ,

ಗಾಡಿಯವನು ಎತ್ತು ಬಿಚ್ಚಿ ನೀರು ಕುಡಿಸುತ್ತಿದ್ದಾನೆ. ಅಷ್ಟರಲ್ಲಿ ಬರೆಯಬೇಕು.

ಪ್ರಮಾಣ ಮಾಡಿ ಸುಳ್ಳು ಹೇಳುವುದು ಪಾಪ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಅದನ್ನೇ ನಿನಗೂ ಬರೆಯೋಣವೆಂದು ಮೊದಲ ಸಾಲು ಬರೆದು ಹರಿದೆ.

ಗಂಡ ಸತ್ತ ಮೇಲೆ ನೀನು ಸೂಲಗಿತ್ತಿ ಕೆಲಸ ಕಲಿಯುತ್ತೇನೆಂದು ಮೈಸೂರಿಗೆ ಹೊರಟೆ. ಊರಿನ ಹಿರಿಯರು ನಮ್ಮ ಜಗಲಿಯಲ್ಲಿ ಕೂತು, ಏನು ಮೇಷ್ಟ್ರೇ ಎಂದರು. ನನಗೆ ಮಗಳೇ ಇಲ್ಲ ಎಂದೆ. ಯಾರೂ ನನ್ನ ಮೇಲೆ ಕತ್ತಿ ಹಿಡಿದಿರಲಿಲ್ಲ. ಯಾರ ಜೀವವನ್ನೂ ನಾನು ಉಳಿಸಬೇಕಾಗಿರಲಿಲ್ಲ. ನಾಲ್ಕು ಜನ ಏನೆಂದುಕೊಂಡಾರೋ ಎಂದು ಹೇಳಿದ್ದು, ಅಷ್ಟೇ. ನಿನ್ನ ತಾಯಿ ಒಳಗಿನಿಂದ ಕೇಳಿಸಿಕೊಂಡಳು. ಆಮೇಲೆ ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ಆದ್ದರಿಂದ ಈ ವಿಷಯದಲ್ಲಿ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಿನಗೆ ಸರಿ ಕಂಡದ್ದನ್ನು ಬರೆ. ಅದಕ್ಕೆ ನನ್ನ ಒಪ್ಪಿಗೆ ಇದೆ ಎಂದು ತಿಳಿ.

ಕಾಗದವನ್ನು ಒಲೆಗೆ ಹಾಕು ಎಂದಿದ್ದೀಯೆ. ಹಾಕುವುದಿಲ್ಲ. ಯಾರಿಗೂ ಸಿಗದ ಹಾಗೆ ಇಡುತ್ತೇನೆ.

ಗವಿಸಿದ್ದಯ್ಯ


ಕ್ಲೋಸ್‌ಪೇಟೆ
೨೨ ಫೆಬ್ರುವರಿ ೧೯೧೨

ತೀರ್ಥರೂಪು ಅಪ್ಪನವರಿಗೆ ಶರಣಾರ್ಥಿಗಳು.

ದೊರೆ ಹೇಳಿದ್ದಕ್ಕಿಂತ ಮೂರು ದಿನ ಮೊದಲೇ ಬಂದುಬಿಟ್ಟ. ನಿಮ್ಮ ಉತ್ತರಕ್ಕೆ ಕಾಯಲಾಗಲಿಲ್ಲ.

ಹೀಗೆ ಬರೆದುಕೊಟ್ಟೆ: ‘ಸೋ ಮ್ಯಾ ಎಂಬ ಈ ಸ್ತ್ರೀಯ ಶುಶ್ರೂಷೆಯನ್ನು ಆರು ತಿಂಗಳಿಂದ ಮಾಡುತ್ತಿದ್ದೇನೆ. ನಾನು ಕಲಿತ ವಿದ್ಯೆಯ ಪ್ರಕಾರ ಈಕೆ ಹೆತ್ತವಳಲ್ಲ ಎಂದು ದೇವರ ಮುಂದೆ ಪ್ರಮಾಣವಾಗಿ ಹೇಳುತ್ತೇನೆ.’ ದೊರೆ ಎರಡು ಸಲ ಓದಿಸಿಕೊಂಡ. ಬೇರೆ ಡಾಕ್ಟರಮ್ಮನನ್ನು ಕರೆಸಲೇ ಎಂದ. ಕರೆಸಿ ಎಂದೆ. ಒಂದು ಕ್ಷಣ ನನ್ನನ್ನು ನೋಡಿ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. ಕರೆಸುತ್ತೇನೆ ಎಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಹುಡುಗನನ್ನು ಮುಂದಿನ ಹಡಗಿನಲ್ಲಿ ಅವನ ಮಠಕ್ಕೆ ಕಳಿಸುತ್ತಾರಂತೆ.

ಒಳಗೆ ಹೋಗಿ ರಾಣಿಯವರಿಗೆ ಹೇಳಿದೆ. ಏನಾದರೂ ಅನ್ನುತ್ತಾರೆಂದು ನಿಂತೆ. ಆಗ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. “ಬರ್ದಿದ್ದು ಸರಿಯಾಗೈತೆ. ನಾನು ಹೆತ್ತೋಳಲ್ಲ” ಎಂದರು. ನನ್ನ ಹತ್ತಿರವೂ ಅದನ್ನೇ ಹೇಳಿದರು. ಆಮೇಲೆ ನಶ್ಯದ ಡಬ್ಬಿ ಎಲ್ಲಿ ಎಂದು ಕೇಳಿದರು.

ಇಂತಿ,
ಗಿರಿಜಾಂಬ


ಕ್ಲೋಸ್‌ಪೇಟೆ
೧೧ ಜೂನ್ ೧೯೧೨

ತೀರ್ಥರೂಪು ಅಪ್ಪನವರಿಗೆ ಶರಣಾರ್ಥಿಗಳು.

ನಿಮ್ಮ ಫೆಬ್ರುವರಿಯ ಕಾಗದ ತಲುಪಿದೆ. ಅದಕ್ಕೆ ಉತ್ತರ ಬರೆಯಲು ಎರಡು ಮೂರು ಸಲ ಕೂತೆ. ಆಗಲಿಲ್ಲ. ಈಗಲೂ ಬೇರೆ ಸುದ್ದಿಯನ್ನೇ ಬರೆಯುತ್ತಿದ್ದೇನೆ.

ಇಪ್ಪತ್ತನಾಲ್ಕು ವರ್ಷದ ಅರ್ಜಿಗೆ ಉತ್ತರ ಬಂತು. ವಂಶ ಮುಗಿದಿರುವುದರಿಂದ ಈಕೆಯಿಂದ ಇನ್ನು ಭಯವಿಲ್ಲ, ತನ್ನ ದೇಶಕ್ಕೆ ಹೋಗಬಹುದು ಎಂದು ಸರ್ಕಾರದ ಅಪ್ಪಣೆ. ನಾನೇ ಓದಿ ಹೇಳಿದೆ. ಬೋರಮ್ಮ ಸಂತೋಷಕ್ಕೋ ದುಃಖಕ್ಕೋ ಅತ್ತಳು.

ರಾಣಿಯವರು ಕಾಗದವನ್ನು ಕೈಗೆ ತೆಗೆದುಕೊಂಡು ಮೊಹರನ್ನು ಬೆರಳಿನಿಂದ ಸವರಿದರು. “ಓಗಾಕಿಲ್ಲ ಅಂತ ಬರಿ” ಎಂದರು.

ಯಾಕೆಂದು ನಾನು ಕೇಳಲಿಲ್ಲ. ಬೋರಮ್ಮ ಕೇಳಿದಳು: “ಅದ್ಯಾಕವ್ವ? ವರ್ಸೊರ್ಸನೂ ಬರ್ಸಿದ್ದಲ್ಲ! ನಿನ್ ದೇಸ ನೀನು ನೋಡಾಕಿಲ್ವಾ?”

“ನಾನು ಅಲ್ಲಿಗೋದ್ರೆ ಜನ ಸೇರ್ತಾರೆ. ಜನದ ಜತೇಲಿ ಯಾರ್ಯಾರೋ ನೋಡಾಕ್ ಬತ್ತಾರೆ. ಬರ್ಬಾರ್ದೋರೂ ಬತ್ತಾರೆ.”

ಅಷ್ಟೇ ಹೇಳಿದ್ದು. ಹವೆ ಒಗ್ಗಿದೆ, ಇಲ್ಲೇ ಇರುತ್ತೇನೆ ಎಂದು ನಾನು ಬರೆದೆ. ಕೆಳಗೆ ಅವರ ಅಕ್ಷರದಲ್ಲಿ ಸಹಿ ಹಾಕಿದರು. ಅವರ ಅಕ್ಷರಗಳೆಲ್ಲ ದುಂಡಗೆ ನಮ್ಮ ಒಂಬತ್ತು, ಸೊನ್ನೆಗಳ ಹಾಗಿರುತ್ತವೆ. ಮರುದಿನದಿಂದ ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಜ್ವರವಿರಲಿಲ್ಲ. ನಾಲ್ಕನೆಯ ದಿನ ಎದ್ದು ತಲೆಗೆ ನೀರು ಹಾಕು ಎಂದರು.

ಬಂಗಲೆಯ ಪಹರೆ ತೆಗೆದಿದ್ದಾರೆ. ಇನ್ನು ಯಾರು ಬೇಕಾದರೂ ಬಂದು ಹೋಗಬಹುದು.

ಇಂತಿ,
ಗಿರಿಜಾಂಬ


ದೊಡ್ಡಆಲಹಳ್ಳಿ
೩೦ ಆಗಸ್ಟ್ ೧೯೧೨

ಚಿ. ಗಿರಿಜೆಗೆ ಆಶೀರ್ವಾದಗಳು.

ಸುಖವಾಗಿ ಊರು ತಲುಪಿದೆ. ಕಾನಕಾನಹಳ್ಳಿಯಲ್ಲಿ ಒಂದು ರಾತ್ರಿ ತಂಗಿದೆ. ಸೊಂಟ ನೋವು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ.

ನಿನ್ನ ಕೋಣೆ ಮಳೆಗೆ ಸೋರುತ್ತದೆ. ಹೆಂಚು ಕೈಯಾಡಿಸಲು ಹೇಳಿ ಬಂದಿದ್ದೆ, ಆಯಿತೇ? ಐದು ದಿನ ನಿನ್ನ ಮನೆಯಲ್ಲಿದ್ದೆ. ಅದರಲ್ಲಿ ಎರಡು ದಿನ ನೀನು ಹೆರಿಗೆಗೆ ಹೋದವಳು ಬಂದದ್ದು ಬೆಳಗಾದ ಮೇಲೆ. ಬಂದವಳು ಕೈಕಾಲು ತೊಳೆದು, ಗಂಡು ಮಗು, ತಾಯಿ ಕ್ಷೇಮ ಎಂದು ಹೇಳಿ ಮಲಗಿದೆ. ನಿನ್ನ ಕೆಲಸವನ್ನು ನಾನು ಆ ದಿನದವರೆಗೆ ಕಣ್ಣಿನಿಂದ ನೋಡಿರಲಿಲ್ಲ.

ರಾಣಿಯವರಿಗೆ ನನ್ನ ನಮಸ್ಕಾರ ತಿಳಿಸು. ಪಡಸಾಲೆಯಲ್ಲಿ ಕೂತು ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ನಿಮ್ಮ ಮಗಳ ಕೈ ತಣ್ಣಗೈತೆ ಎಂದರು. ಅವಳ ತಾಯಿಯದೂ ಹಾಗೇ ಇತ್ತು ಎಂದೆ.

ಊರಿನ ಬಾಗಿಲಲ್ಲಿ ಪಟೇಲರು ಸಿಕ್ಕಿ, “ಏನ್ ಮೇಷ್ಟ್ರೇ, ವಾರದಿಂದ ಕಾಣ್ಲೇ ಇಲ್ಲ, ಎಲ್ಗೋಗಿದ್ರಿ?” ಎಂದರು. ಜೊತೆಯಲ್ಲಿ ನಾಲ್ಕಾರು ಜನ ಇದ್ದರು. ಮಗಳ ಮನೆಗೆ ಹೋಗಿದ್ದೆ ಎಂದೆ.

ಗವಿಸಿದ್ದಯ್ಯ


ಕ್ಲೋಸ್‌ಪೇಟೆ
೯ ಮಾರ್ಚ್ ೧೯೧೩

ಅಪ್ಪನವರಿಗೆ ಗಿರಿಜೆ ಮಾಡುವ ಶರಣಾರ್ಥಿಗಳು.

ರಾಣಿಯವರಿಗೆ ಉಸಿರಾಟ ಕಷ್ಟವಾಗಿದೆ. ಈ ಬೇಸಿಗೆ ದಾಟುವುದು ಅನುಮಾನ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಅವರಿಗೆ ಹೇಳಬೇಕಾಗಿಲ್ಲ, ಗೊತ್ತಿದೆ.

ನಿನ್ನೆ ಸನಾವುಲ್ಲಾ ಸಾಹೇಬರು ನೋಡಲು ಬಂದಿದ್ದರು. ವ್ಯಾಪಾರಕ್ಕೆಂದು ರಂಗೂನಿಗೆ ಹೋಗಿ ಹೋದ ವಾರ ತಾನೇ ಹಿಂತಿರುಗಿದ್ದಾರೆ. ಹಾಸಿಗೆಯ ಪಕ್ಕ ಕೂತು ಆ ದೇಶದ ಸುದ್ದಿಯನ್ನೆಲ್ಲ ಹೇಳಿದರು. ಅಕ್ಕಿಯ ಸುಗ್ಗಿ, ಹೊಸ ಸೇತುವೆ, ಯಾರು ಸತ್ತರು, ಯಾರು ಇದ್ದಾರೆ. ಅದರ ನಡುವೆ, “ಆ ಹೊತ್ತು ಇಲ್ಲಿಗೆ ಕರ್ಕಂಬಂದಿದ್ರಲ್ಲವ್ವಾ, ಆ ಸನ್ಯಾಸಿ ಹುಡುಗ? ಕಾವಿ ಬಿಟ್ಬುಟ್ಟ. ವಾಪಸ್ ಹೋದ ತಿಂಗ್ಳೇ ಲಗ್ನ ಆಗಿ ನದಿ ಮ್ಯಾಲಿನ ಊರಾಗೆ ಮರದ ಕೆಲ್ಸ ಮಾಡ್ತಾವ್ನೆ. ಮೊನ್ನೆ ಹೆಣ್ಮಗು ಆಯ್ತಂತೆ” ಎಂದರು.

ರಾಣಿಯವರು, “ಯಾರೋ ಏನೋ. ಸಂದಾಗಿರ್ಲಿ” ಎಂದರು. ಸಾಹೇಬರು ಕಾಫಿ ಕುಡಿದು ಚನ್ನಪಟ್ಟಣದ ರೈಲಿಗೆ ಹೊತ್ತಾಯಿತೆಂದು ಎದ್ದರು. ಗೇಟಿನವರೆಗೆ ಅವರನ್ನು ಕಳಿಸಿ ನಾನು ಒಳಗೆ ಬಂದೆ.

ರಾಣಿಯವರು ದಿಂಬಿಗೆ ಒರಗಿ ಕೂತಿದ್ದರು. ಕೈ ಹಿಡಿದು ನಾಡಿ ನೋಡುತ್ತಿದ್ದೆ. ಆಗ ಕೇಳಿದರು.

“ಗಿರ್ಜಾ, ಹೆರಿಗೆ ಸಲೀಸಾಗಾಯ್ತಂತಾ?”

ಸನಾವುಲ್ಲಾ ಸಾಹೇಬರು ಆ ವಿಷಯ ಏನನ್ನೂ ಹೇಳಿರಲಿಲ್ಲ. ಅವರಿಗೆ ಗೊತ್ತಿರಲೂ ಇಲ್ಲ.

“ಸಲೀಸಾಯಿತಂತೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಂತೆ” ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ನಾಡಿ ಸ್ವಲ್ಪ ಹೊತ್ತು ಓಡಿ, ಆಮೇಲೆ ನಿಧಾನಕ್ಕೆ ಬಂತು.

ಇಂತಿ ನಿಮ್ಮ ಮಗಳು,
ಗಿರಿಜೆ